ಮನೆಯ ಎವಿ ರಿಸೀವರ್: ಜೋಡಿಸುವಾಗ, ಕೈಕೊಟ್ಟಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್‌ಗೆ ರಿಸೀವರ್ ಬಂದು ಹನ್ನೆರಡು ವರ್ಷ ಆಯಿತು. ಆಮೇಲೆ ನೆಂಟರ ಮನೆ, ಸ್ನೇಹಿತರ ಮನೆ, ಮೇಲಿನ ಮಹಡಿಯವರ ಮನೆ ಅಂತ ಸುಮಾರು ಕಡೆ ಟಿವಿ ಹಿಂದೆ ಟಾರ್ಚ್ ಹಿಡಿದು ಕೂತಿದ್ದೇನೆ. ‘ರಿಸೀವರ್ ಹೋಯ್ತು’ ಅಂತ ಕರೆದ ಕಡೆ ಬಹುಪಾಲು ರಿಸೀವರ್ ಹೋಗಿರಲಿಲ್ಲ. ಒಂದು ವೈರ್ ಸಡಿಲವಾಗಿತ್ತು, ಇಲ್ಲವೇ ಟಿವಿಯ ಮೆನುವಿನಲ್ಲಿ ಯಾರೋ ಏನೋ ಒತ್ತಿದ್ದರು. ಹಾಗಾಗಿ ಹತ್ತು ಕೆಜಿ ಡಬ್ಬ ಹೊತ್ತುಕೊಂಡು ಸರ್ವಿಸ್ ಸೆಂಟರ್‌ಗೆ ಹೊರಡುವ ಮೊದಲು ಇದನ್ನು ಓದಿ. ಏನೇ ಪರೀಕ್ಷೆ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ವೈರ್ ಒಟ್ಟಿಗೆ ಕಿತ್ತು ಹಾಕಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗಲ್ಲ.

ರಿಸೀವರ್ ಯಾಕೆ ಬೇಕು? ಸೌಂಡ್‌ಬಾರ್ ಸಾಲದಾ?

ಹಾಲ್ ಚಿಕ್ಕದು, ವೈರ್ ಎಳೆಯುವ ಗೋಜು ಬೇಡ ಅಂದರೆ ಸೌಂಡ್‌ಬಾರ್ ಧಾರಾಳವಾಗಿ ಸಾಕು. ರಿಸೀವರ್ ಮೂರು ಕೆಲಸ ಮಾಡುತ್ತದೆ. ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಬ್ಲೂರೇ ಪ್ಲೇಯರ್, ಗೇಮ್ ಬಾಕ್ಸ್ ಎಲ್ಲವನ್ನೂ ತನ್ನ ಹಿಂಬದಿಗೆ ಸಿಕ್ಕಿಸಿಕೊಂಡು ಚಿತ್ರವನ್ನು ಟಿವಿಗೆ ಕಳಿಸುತ್ತದೆ. ಡಾಲ್ಬಿ, ಡಿಟಿಎಸ್ ಸದ್ದನ್ನು ಬಿಡಿಸಿ ಯಾವ ಸ್ಪೀಕರ್‌ಗೆ ಯಾವುದು ಅಂತ ಹಂಚುತ್ತದೆ. ಜೊತೆಗೆ ಆಂಪ್ಲಿಫೈಯರ್ ಆಗಿ ಆ ಸ್ಪೀಕರ್‌ಗಳನ್ನು ನಡೆಸುತ್ತದೆ. 5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. 5.1.2 ಅಂದರೆ ಅದರ ಜೊತೆಗೆ ತಲೆಯ ಮೇಲೆ ಎರಡು. ನಾಳೆ ಒಂದು ಸ್ಪೀಕರ್ ಕೆಟ್ಟರೆ ಅದನ್ನೊಂದನ್ನೇ ಬದಲಾಯಿಸಬಹುದು, ಹತ್ತು ವರ್ಷ ಬಿಟ್ಟು ರಿಸೀವರ್ ಹಳೆಯದಾದರೆ ಸ್ಪೀಕರ್ ಹಾಗೇ ಇಟ್ಟುಕೊಳ್ಳಬಹುದು. ನನಗೆ ಇಷ್ಟವಾಗುವುದು ಇದೇ.

ಹಿಂದೆ ಇಷ್ಟೊಂದು ತೂತುಗಳಿವೆ. ಯಾವುದು ಎಲ್ಲಿಗೆ?

ಮುಕ್ಕಾಲು ಪಾಲು ತೂತುಗಳು ನಿಮಗೆ ಬೇಕಾಗುವುದೇ ಇಲ್ಲ, ಹೆದರಬೇಡಿ. ಚಿತ್ರ ಕಳಿಸುವ ಪೆಟ್ಟಿಗೆಗಳೆಲ್ಲ ರಿಸೀವರ್‌ನ ‘ಎಚ್‌ಡಿಎಂಐ ಇನ್’ಗಳಿಗೆ. ರಿಸೀವರ್‌ನ ‘ಎಚ್‌ಡಿಎಂಐ ಔಟ್’ನಿಂದ ಒಂದೇ ಒಂದು ಕೇಬಲ್ ಟಿವಿಗೆ. ಟಿವಿಯಲ್ಲಿ ನಾಲ್ಕು ಎಚ್‌ಡಿಎಂಐ ಇದ್ದರೂ ‘ಆರ್ಕ್’ ಅಥವಾ ‘ಇ-ಆರ್ಕ್’ ಅಂತ ಬರೆದಿರುವುದು ಸಾಮಾನ್ಯವಾಗಿ ಒಂದಕ್ಕೆ ಮಾತ್ರ. ಟಿವಿಯ ಸದ್ದು ರಿಸೀವರ್‌ಗೆ ವಾಪಸ್ ಬರುವ ದಾರಿ ಅದು, ಕೇಬಲ್ ಅದಕ್ಕೇ ಹೋಗಬೇಕು. ಸ್ಪೀಕರ್ ವೈರ್‌ಗಳು ಕೆಂಪು-ಕಪ್ಪು ತಿರುಪುಗಳಿಗೆ. ಸಬ್‌ವೂಫರ್‌ಗೆ ಮಾತ್ರ ಬೇರೆ ತರಹದ ಕೇಬಲ್. ಹಳೆಯ ಡಿವಿಡಿ ಪ್ಲೇಯರ್‌ಗೆ ಬಳಸುತ್ತಿದ್ದ ಆರ್‌ಸಿಎ ಪಿನ್ ಇರುವ ಒಂಟಿ ಕೇಬಲ್, ‘ಸಬ್‌ವೂಫರ್ ಪ್ರೀ ಔಟ್’ನಿಂದ ಸಬ್‌ವೂಫರ್‌ನ ಲೈನ್ ಇನ್‌ಗೆ.

ಇದೆಲ್ಲ ಮಾಡುವಾಗ ಗೋಡೆಯ ಸ್ವಿಚ್ ಆಫ್ ಇರಲಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಯಾಕೆ ಅಂತ ಕೆಳಗೆ ‘ಜುಮ್’ ಅನ್ನುವ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಅಮ್ಮನಿಗೆ ಬರೀ ಧಾರಾವಾಹಿ ನೋಡಬೇಕು. ಪ್ರತಿ ಸಲ ರಿಸೀವರ್ ಹಾಕಲೇಬೇಕಾ?

ಬೇಡ. ಎರಡು ದಾರಿ ಇದೆ. ರಿಸೀವರ್ ಮೆನುವಿನಲ್ಲಿ ‘ಎಚ್‌ಡಿಎಂಐ ಪಾಸ್ ಥ್ರೂ’ ಆನ್ ಮಾಡಿದರೆ ರಿಸೀವರ್ ಸ್ಟ್ಯಾಂಡ್‌ಬೈನಲ್ಲಿದ್ದರೂ ಚಿತ್ರ, ಸದ್ದು ಎರಡೂ ಟಿವಿಗೆ ಹೋಗುತ್ತವೆ. ಆದರೆ ಸ್ಟ್ಯಾಂಡ್‌ಬೈನಲ್ಲಿ ಸ್ವಲ್ಪ ಜಾಸ್ತಿ ಕರೆಂಟ್ ತಿನ್ನುತ್ತದೆ, ಗೋಡೆಯ ಸ್ವಿಚ್ ಆರಿಸಿದರೆ ಚಿತ್ರವೂ ಇಲ್ಲ. ನಾನು ಹೇಳುವುದು ಎರಡನೆಯ ದಾರಿ. ಸೆಟ್‌ಟಾಪ್ ಬಾಕ್ಸನ್ನು ನೇರ ಟಿವಿಗೆ ಹಾಕಿ. ಅಮ್ಮ ಒಬ್ಬರೇ ಇರುವಾಗ ಟಿವಿ ಸ್ಪೀಕರ್ ಸಾಕು, ಸಂಜೆ ಎಲ್ಲರೂ ಕೂತಾಗ ರಿಸೀವರ್ ಆನ್ ಮಾಡಿದರೆ ಆರ್ಕ್ ಮೂಲಕ ಸದ್ದು ತಾನೇ ಅಲ್ಲಿಗೆ ಹೋಗುತ್ತದೆ. ಮನೆಯ ಹಿರಿಯರಿಗೆ ಮೂರು ರಿಮೋಟ್ ಕೊಟ್ಟು ಕೂರಿಸುವ ವ್ಯವಸ್ಥೆ ಎಷ್ಟು ದುಬಾರಿಯದಾದರೂ ಒಳ್ಳೆಯ ವ್ಯವಸ್ಥೆ ಅಲ್ಲ.

ಚಿತ್ರ ಬರುತ್ತಿದೆ. ಟಿವಿಯ ಆ್ಯಪ್‌ಗಳ ಸದ್ದು ಮಾತ್ರ ರಿಸೀವರ್‌ಗೆ ಬರುತ್ತಿಲ್ಲ.

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಟಿವಿಯಿಂದ ಅದೇ ಕೇಬಲ್‌ನಲ್ಲಿ ಸದ್ದು ವಾಪಸ್ ಬರುವ ದಾರಿಗೆ ಆರ್ಕ್ ಅನ್ನುತ್ತಾರೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ. ಅದು ನಡೆಯಬೇಕಾದರೆ ನಾಲ್ಕು ಕಡೆ ಸರಿ ಇರಬೇಕು. ಕೇಬಲ್ ಎರಡೂ ಕಡೆ ಆರ್ಕ್ ತೂತಿನಲ್ಲೇ ಇರಬೇಕು. ಟಿವಿಯಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಪೆಟ್ಟಿಗೆಗಳು ಒಂದಕ್ಕೊಂದು ಆಜ್ಞೆ ಕಳಿಸುವ ಸೌಲಭ್ಯ, ಆನ್ ಇರಬೇಕು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ: ಸೋನಿಯಲ್ಲಿ ಬ್ರಾವಿಯಾ ಸಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ರಿಸೀವರ್ ಮೆನುವಿನಲ್ಲೂ ಸಿಇಸಿ ಮತ್ತು ಆರ್ಕ್ ಎರಡೂ ಆನ್ ಇರಬೇಕು, ಎಷ್ಟೋ ರಿಸೀವರ್‌ಗಳು ಡಬ್ಬದಿಂದ ಬರುವಾಗ ಇವು ಆಫ್ ಆಗಿರುತ್ತವೆ. ಇನ್ನು ಟಿವಿಯ ಸೌಂಡ್ ಔಟ್‌ಪುಟ್ ‘ಟಿವಿ ಸ್ಪೀಕರ್’ ಬಿಟ್ಟು ‘ರಿಸೀವರ್’ ಅಥವಾ ‘ಎಚ್‌ಡಿಎಂಐ ಆರ್ಕ್’ ಆಗಿರಬೇಕು.

ಎಲ್ಲ ಸರಿ ಇದೆ, ನಿನ್ನೆವರೆಗೆ ಬರುತ್ತಿತ್ತು, ಇವತ್ತು ಇಲ್ಲ ಅಂದರೆ ಎರಡು ಪೆಟ್ಟಿಗೆಗಳ ಮಾತುಕತೆ ಮುರಿದುಬಿದ್ದಿದೆ. ಎಲ್ಲದರ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಮೊದಲು ಟಿವಿ ಹಾಕಿ, ಅದು ಪೂರ್ತಿ ಶುರುವಾದ ಮೇಲೆ ರಿಸೀವರ್ ಹಾಕಿ, ಆಮೇಲೆ ಉಳಿದದ್ದು. ಕರೆಂಟ್ ಹೋಗಿ ಬಂದಾಗ ಹೀಗಾಗುವುದು ಸಾಮಾನ್ಯ.

ಆರ್ಕ್, ಇ-ಆರ್ಕ್, ಆಪ್ಟಿಕಲ್ ನಡುವೆ ಏನು ವ್ಯತ್ಯಾಸ?

ದಾರಿಯ ಅಗಲ. ಆಪ್ಟಿಕಲ್‌ನಲ್ಲಿ, ಅಂದರೆ ಸದ್ದನ್ನು ಬೆಳಕಾಗಿ ಒಯ್ಯುವ ಕೇಬಲ್‌ನಲ್ಲಿ, ಎರಡು ಚಾನೆಲ್ ಪಿಸಿಎಂ (ಒತ್ತಿ ಚಿಕ್ಕದು ಮಾಡದ ಸದ್ದು), ಇಲ್ಲವೇ ಒತ್ತಿ ಚಿಕ್ಕದು ಮಾಡಿದ 5.1 ಡಾಲ್ಬಿ ಡಿಜಿಟಲ್, ಡಿಟಿಎಸ್ ಹೋಗುತ್ತವೆ, ಅದಕ್ಕಿಂತ ಜಾಸ್ತಿ ಇಲ್ಲ. ಆರ್ಕ್‌ನಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಹೋಗುತ್ತದೆ, ಟಿವಿ ಒಪ್ಪಿದರೆ. ಸ್ಟ್ರೀಮಿಂಗ್ ಆ್ಯಪ್‌ಗಳ ಅಟ್ಮಾಸ್ (ತಲೆಯ ಮೇಲಿನ ಸ್ಪೀಕರ್‌ಗಳನ್ನೂ ಬಳಸುವ ಡಾಲ್ಬಿ ಸದ್ದು) ಅದರೊಳಗೇ ಬರುವುದರಿಂದ ಸ್ಟ್ರೀಮಿಂಗ್‌ಗೆ ಆರ್ಕ್ ಸಾಕು. ಬ್ಲೂರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿಯಂಥ ದೊಡ್ಡ ಸದ್ದಿಗೆ ಇ-ಆರ್ಕ್ ಬೇಕು. ಇದು 2017ರ ಎಚ್‌ಡಿಎಂಐ 2.1ರ ಜೊತೆ ಬಂದದ್ದು. ಪ್ಲೇಯರ್ ನೇರ ರಿಸೀವರ್‌ಗೆ ಸಿಕ್ಕಿಸಿದ್ದರೆ ಇ-ಆರ್ಕ್ ಚಿಂತೆಯೇ ಇಲ್ಲ.

ಆಪ್ಟಿಕಲ್ ಹಾಕಿಯೂ ಸದ್ದಿಲ್ಲವಾ? ಕೇಬಲ್ ತುದಿಯಲ್ಲಿ ಅಕ್ಕಿಕಾಳಿನ ಗಾತ್ರದ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ತೆಗೆಯದೆ ಸಿಕ್ಕಿಸಲು ಒದ್ದಾಡಿದವರನ್ನು ಬಹಳ ನೋಡಿದ್ದೇನೆ. ಟಿವಿ ಕಡೆ ಸಿಕ್ಕಿಸಿ ಇನ್ನೊಂದು ತುದಿ ನೋಡಿ, ಕೆಂಪು ಬೆಳಕು ಕಂಡರೆ ಕೇಬಲ್ ಸರಿ ಇದೆ.

ಹಿಂದಿನ ಸ್ಪೀಕರ್‌ಗಳು ಸುಮ್ನೆ ಕೂತಿವೆ. ಅಟ್ಮಾಸ್ ಅಂತೂ ಬರುವುದೇ ಇಲ್ಲ.

ಮೊದಲು ಟಿವಿಯ ‘ಡಿಜಿಟಲ್ ಆಡಿಯೋ ಔಟ್’ ನೋಡಿ. ಅದು ಪಿಸಿಎಂ ಆಗಿದ್ದರೆ ಆರ್ಕ್‌ನಲ್ಲಿ ಎರಡೇ ಚಾನೆಲ್. ‘ಆಟೋ’ ಅಥವಾ ‘ಪಾಸ್ ಥ್ರೂ’ ಮಾಡಿ. ಆಮೇಲೆ ರಿಸೀವರ್‌ನ ಇನ್ಫೋ ಬಟನ್ ಒತ್ತಿದರೆ ಒಳಗೆ ಬರುತ್ತಿರುವುದು ಏನು ಅಂತ ಅದೇ ಹೇಳುತ್ತದೆ. ಎಷ್ಟೋ ಸಲ ರಿಸೀವರ್‌ದು ತಪ್ಪಿರಲ್ಲ, ಬರುತ್ತಿರುವುದೇ ಸ್ಟೀರಿಯೋ ಆಗಿರುತ್ತದೆ. ಒಂದೇ ಸಿನಿಮಾದ ಮೂಲ ಭಾಷೆಯ ಟ್ರ್ಯಾಕ್ 5.1 ಇದ್ದು ಡಬ್ ಆದ ಕನ್ನಡ ಟ್ರ್ಯಾಕ್ ಎರಡೇ ಚಾನೆಲ್ ಇರಬಹುದು. ಆಗ ರಿಸೀವರ್‌ನಲ್ಲಿ ‘ಡಾಲ್ಬಿ ಸರೌಂಡ್’ ಮೋಡ್ ಹಾಕಿ, ಎರಡನ್ನೇ ಐದಕ್ಕೆ ಹರಡುತ್ತದೆ. ಹಳೆಯ ಕನ್ನಡ ಸಿನಿಮಾಗಳಿಗೆ ನಾನು ಅದನ್ನು ಹಾಕಲ್ಲ. ಮೋನೋದಲ್ಲಿ ಮುದ್ರಿಸಿದ ಹಾಡನ್ನು ಮುಂದಿನ ಸ್ಪೀಕರ್‌ನಲ್ಲೇ ಕೇಳುವುದು ಚೆನ್ನ.

ಇನ್ನೊಂದು. ಪೆನ್‌ಡ್ರೈವ್‌ನಿಂದ ಟಿವಿಯಲ್ಲಿ ಸಿನಿಮಾ ಹಾಕಿದರೆ ಚಿತ್ರ ಮಾತ್ರ ಬಂದು ಸದ್ದು ಬರದಿದ್ದರೆ, ಆ ಫೈಲಿನ ಸದ್ದು ಡಿಟಿಎಸ್ ಇರಬಹುದು. ಕೆಲವು ಟಿವಿಗಳು ಡಿಟಿಎಸ್ ಮುಟ್ಟುವುದಿಲ್ಲ, ರಿಸೀವರ್‌ಗೆ ದಾಟಿಸುವುದೂ ಇಲ್ಲ. ಅದೇ ಪೆನ್‌ಡ್ರೈವನ್ನು ರಿಸೀವರ್‌ಗೆ ಸಿಕ್ಕಿಸಿದ ಬ್ಲೂರೇ ಪ್ಲೇಯರ್‌ನಲ್ಲೋ ಮೀಡಿಯಾ ಪ್ಲೇಯರ್‌ನಲ್ಲೋ ಹಾಕಿ ನೋಡಿ.

ಸ್ಪೀಕರ್ ವೈರ್ ಯಾವುದು ತರಬೇಕು? ಮನೆಯಲ್ಲಿ ಉಳಿದ ಕರೆಂಟ್ ವೈರ್ ಆಗುತ್ತದಾ?

ಶುದ್ಧ ತಾಮ್ರದ್ದು, ಎಳೆಎಳೆಯಾಗಿ ಇರುವಂಥದ್ದು ಯಾವುದೂ ಆಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 14/76, 23/76, 40/76 ಅಂತ ಕೇಳಿರುತ್ತೀರಿ. ಮೊದಲ ಅಂಕಿ ಎಳೆಗಳ ಸಂಖ್ಯೆ. 14 ಎಳೆಯದ್ದು ತೀರಾ ಸಣ್ಣ, ಬೇಡ. ಮುಂದಿನ ಸ್ಪೀಕರ್‌ಗಳಿಗೆ 40/76 ಚೆನ್ನಾಗಿ ಸಾಕು. ಹಾಲ್ ಸುತ್ತಿಕೊಂಡು ಹಿಂದೆ ಹೋಗುವ ಹತ್ತು ಹನ್ನೆರಡು ಮೀಟರ್‌ಗೆ 2.5 ಚದರ ಮಿಲಿಮೀಟರ್ ತನ್ನಿ. ಪ್ಯಾಕೆಟ್ ಮೇಲೆ ಗೇಜ್ ಬರೆದಿದ್ದರೆ ನೆನಪಿಡಿ, ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ. ಮೀಟರ್‌ಗೆ ಸಾವಿರಾರು ರೂಪಾಯಿಯ ವೈರ್ ಬೇಕಿಲ್ಲ, ಆ ದುಡ್ಡನ್ನು ಸೆಂಟರ್ ಸ್ಪೀಕರ್‌ಗೆ ಹಾಕಿ.

ಮೋಸ ಆಗುವುದು ಒಂದೇ ಕಡೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಮಾಡಿದ ವೈರ್ ಮಾರುಕಟ್ಟೆಯಲ್ಲಿ ಬಹಳ ಇದೆ, ಹೊರಗೆ ನೋಡಲು ಥೇಟ್ ತಾಮ್ರ. ನನಗೂ ಒಂದು ಅಂಗಡಿಯಲ್ಲಿ ಶುದ್ಧ ತಾಮ್ರ ಅಂತಲೇ ಮೂವತ್ತು ಮೀಟರ್ ಕೊಟ್ಟಿದ್ದರು. ಕೈಗೆ ತೂಕವೇ ಇರಲಿಲ್ಲ. ಮನೆಗೆ ಬಂದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು. ಎರಡು ಮೂರು ಸಲ ಬಗ್ಗಿಸಿದರೆ ಕಟ್ ಅಂತ ಮುರಿಯಿತು. ಆಮೇಲೆ ಅಂಗಡಿಯಲ್ಲೇ ಕೆರೆದು ನೋಡಿ ತರುತ್ತೇನೆ, ನೀವೂ ಹಾಗೇ ಮಾಡಿ. ಗೋಡೆಯೊಳಗೆ ಪೈಪ್ ಹಾಕಿಸುವವರು ಸ್ಪೀಕರ್ ವೈರನ್ನು ಕರೆಂಟ್ ಪೈಪಿನಲ್ಲಿ ತೂರಿಸಲು ಬಿಡಬೇಡಿ, ಬೇರೆ ಪೈಪ್ ಇರಲಿ.

ಕೆಂಪು-ಕಪ್ಪು ಅದಲು ಬದಲಾದರೆ ಸ್ಪೀಕರ್ ಸುಟ್ಟುಹೋಗುತ್ತದಾ?

ಸುಡುವುದಿಲ್ಲ. ಆದರೆ ಎರಡರಲ್ಲಿ ಒಂದು ಮಾತ್ರ ಉಲ್ಟಾ ಆದರೆ ಒಂದು ಸ್ಪೀಕರ್ ಗಾಳಿ ನೂಕುವಾಗ ಇನ್ನೊಂದು ಎಳೆಯುತ್ತದೆ. ತಬಲಾದ ದುಮ್ ಸತ್ತುಹೋಗುತ್ತದೆ, ನಡುವೆ ನಿಂತು ಹಾಡಬೇಕಾದ ದನಿ ಎಲ್ಲೆಲ್ಲೋ ತೇಲುತ್ತದೆ. ಗೋಡೆಯೊಳಗಿಂದ ಬಂದ ವೈರಿನಲ್ಲಿ ಯಾವುದು ಯಾವುದು ಗೊತ್ತಾಗದಿದ್ದರೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಳ್ಳಿ. ರಿಸೀವರ್ ತುದಿಯಲ್ಲಿ ವೈರ್ ಬಿಚ್ಚಿ, ಸೆಲ್ಲಿಗೆ ಒಂದು ಕ್ಷಣ ತಾಗಿಸಿ. ಸ್ಪೀಕರ್‌ನ ಬಟ್ಟೆ ತೆಗೆದು ಇನ್ನೊಬ್ಬರು ಕೋನ್ ನೋಡುತ್ತಿರಲಿ. ಟಕ್ ಅಂತ ಹೊರಗೆ ಬಂದರೆ ಸೆಲ್ಲಿನ ಪ್ಲಸ್‌ಗೆ ತಾಗಿದ್ದು ಕೆಂಪು, ಒಳಗೆ ಹೋದರೆ ಕಪ್ಪು.

ರಿಸೀವರ್ ಆನ್ ಆಗಿ ಟಕ್ ಅಂತ ಆಫ್ ಆಗುತ್ತದೆ, ಕೆಂಪು ದೀಪ ಮಿಣುಕುತ್ತದೆ. ಹೋಯ್ತಾ?

ಅದು ಪ್ರೊಟೆಕ್ಟ್ ಮೋಡ್. ತನ್ನನ್ನು ತಾನು ಉಳಿಸಿಕೊಳ್ಳಲು ರಿಸೀವರ್ ಬಾಗಿಲು ಹಾಕಿಕೊಂಡಿದೆ. ಮತ್ತೆ ಮತ್ತೆ ಪವರ್ ಒತ್ತಬೇಡಿ, ಅದರಿಂದಲೇ ಒಳಗಿನದ್ದು ಸುಡಬಹುದು.

ಪ್ಲಗ್ ಕಿತ್ತುಬಿಡಿ. ಸ್ಪೀಕರ್ ವೈರ್ ಎಲ್ಲಾ ಬಿಚ್ಚಿ, ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಈಗ ಒಂದೂ ಸ್ಪೀಕರ್ ಇಲ್ಲದೆ ಆನ್ ಮಾಡಿ. ಆನ್ ಆಗಿ ನಿಂತಿತಾ? ಹಾಗಾದರೆ ರಿಸೀವರ್ ಬಹುತೇಕ ಸರಿ ಇದೆ, ತೊಂದರೆ ಯಾವುದೋ ವೈರಿನಲ್ಲಿ ಅಥವಾ ಸ್ಪೀಕರ್‌ನಲ್ಲಿ. ಆಫ್ ಮಾಡಿ ಒಂದು ಸ್ಪೀಕರ್ ಹಾಕಿ, ಆನ್ ಮಾಡಿ, ಮತ್ತೆ ಆಫ್ ಮಾಡಿ ಇನ್ನೊಂದು. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ವೈರ್ ಎಲ್ಲ ತೆಗೆದ ಮೇಲೂ ಬಿದ್ದರೆ ಒಳಗಿನ ದೋಷ, ಸರ್ವಿಸ್‌ಗೇ ಹೋಗಬೇಕು. ಮುಚ್ಚಳ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟ್ ಹಿಡಿದುಕೊಂಡಿರುತ್ತವೆ.

ಒಂದು ಯುಗಾದಿಗೆ ಸ್ನೇಹಿತನ ಮನೆಯಲ್ಲಿ ಹೀಗೇ ಆಗಿತ್ತು. ಹಬ್ಬಕ್ಕೆ ಮನೆ ತೊಳೆಯುವಾಗ ರಿಸೀವರ್ ಮುಂದಕ್ಕೆ ಎಳೆದು ಒರೆಸಿ ವಾಪಸ್ ನೂಕಿದ್ದರು. ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಎಲ್ಲ ವೈರ್ ಬಿಗಿಯಾಗೇ ಇದ್ದವು. ಟಾರ್ಚನ್ನು ಓರೆ ಹಿಡಿದಾಗ ಏನೋ ಮಿಂಚಿತು. ಸೆಂಟರ್ ಸ್ಪೀಕರ್‌ನ ಕಪ್ಪು ತಿರುಪಿನಿಂದ ಕೂದಲಿನಷ್ಟು ಸಣ್ಣ ತಾಮ್ರದ ಎಳೆ ಹೊರಬಂದು ಪಕ್ಕದ ಕೆಂಪಿಗೆ ತಾಗಿತ್ತು. ಉಗುರು ಕತ್ತರಿಯಲ್ಲಿ ಕತ್ತರಿಸಿ, ತುದಿಗಳನ್ನು ಹೊಸದಾಗಿ ಹೊಸೆದು ಹಾಕಿದೆವು. ಆ ರಿಸೀವರ್ ಇವತ್ತಿಗೂ ಓಡುತ್ತಿದೆ. ಹಾಗಾಗಿ ವೈರ್ ಸುಲಿದ ಮೇಲೆ ಎಳೆಗಳನ್ನು ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆಯಿರಿ, ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಸುಲಿಯಬೇಡಿ. ವೈರ್ ತುದಿಗೆ ಸಿಕ್ಕಿಸುವ ಬನಾನಾ ಪ್ಲಗ್ ಅನ್ನುವ ಲೋಹದ ಪಿನ್ ಹಾಕಿದರೆ ಈ ತಲೆನೋವೇ ಇಲ್ಲ.

ಹಳೆಯ ಹೋಮ್ ಥಿಯೇಟರ್ ಸೆಟ್ಟಿನ ಸ್ಪೀಕರ್‌ಗಳನ್ನು ಹೊಸ ರಿಸೀವರ್‌ಗೆ ಹಾಕಬಹುದಾ?

ಮೊದಲು ಸ್ಪೀಕರ್ ಹಿಂದಿನ ಚೀಟಿ ಓದಿ. ಅಂಥ ಸೆಟ್ಟುಗಳಲ್ಲಿ 3 ಓಮ್, 4 ಓಮ್ ಸ್ಪೀಕರ್ ಬಹಳ. ರಿಸೀವರ್ ಹಿಂದೆ ಸಾಮಾನ್ಯವಾಗಿ 6ರಿಂದ 16 ಓಮ್ ಅಂತ ಇರುತ್ತದೆ. ಓಮ್ ಕಡಿಮೆಯಾದಷ್ಟೂ ರಿಸೀವರ್ ಮೇಲೆ ಭಾರ ಜಾಸ್ತಿ, ಬಿಸಿಯಾಗಿ ಮೇಲೆ ಹೇಳಿದ ಪ್ರೊಟೆಕ್ಟ್‌ಗೆ ಹೋಗುತ್ತದೆ. ಚೀಟಿ ಹರಿದಿದ್ದರೆ ಮಲ್ಟಿಮೀಟರ್ ಹಿಡಿಯಿರಿ: 8 ಓಮ್ ಸ್ಪೀಕರ್ ಸುಮಾರು 6 ತೋರಿಸುತ್ತದೆ, 4 ಓಮ್‌ನದು 3ರ ಆಸುಪಾಸು. ಒಂದೇ ತಿರುಪಿಗೆ ಎರಡು 8 ಓಮ್ ಸ್ಪೀಕರ್ ಜೋಡಿಸಿದರೂ ಒಟ್ಟು 4 ಓಮ್ ಆಗುತ್ತದೆ, ನೆನಪಿರಲಿ.

ಆ ಸೆಟ್ಟಿನ ಸಬ್‌ವೂಫರ್ ಬಹುಶಃ ಆಗಲ್ಲ. ಅದರೊಳಗೆ ಆಂಪ್ಲಿಫೈಯರ್ ಇರುವುದಿಲ್ಲ, ರಿಸೀವರ್‌ನ ಸಬ್‌ವೂಫರ್ ಔಟ್‌ನಲ್ಲಿ ಸ್ಪೀಕರ್ ನಡೆಸುವ ಶಕ್ತಿ ಇರುವುದಿಲ್ಲ. ಕರೆಂಟ್ ಪ್ಲಗ್ ಇರುವ ಸಬ್‌ವೂಫರ್ ಬೇಕು.

ಹೊಡೆದಾಟದ ಸದ್ದು ಮನೆ ಅದುರಿಸುತ್ತದೆ, ಮಾತು ಕೇಳಿಸುವುದೇ ಇಲ್ಲ.

ಇದು ನಿಜವಾದ ಕಷ್ಟ. ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ. ರಿಸೀವರ್ ಬಂದ ಹೊಸದರಲ್ಲಿ ಅವರು ‘ನಿಮ್ಮ ಹಳೇ ಟಿವಿಯೇ ವಾಸಿ, ಏನು ಮಾತಾಡ್ತಾರೋ ತಿಳೀತಿತ್ತು’ ಅಂದಿದ್ದರು. ಅವರ ಮಾತು ಸರಿಯಾಗಿತ್ತು.

ಸಿನಿಮಾದ ಮಾತು ಬಹುಪಾಲು ಸೆಂಟರ್ ಸ್ಪೀಕರ್‌ನಿಂದ ಬರುತ್ತದೆ. ನಿಮ್ಮ ಮನೆಯಲ್ಲಿ ಸೆಂಟರ್ ಸ್ಪೀಕರ್ ಇಲ್ಲದೆ ರಿಸೀವರ್‌ಗೆ ಮಾತ್ರ ‘ಇದೆ’ ಅಂತ ಹೇಳಿದ್ದರೆ ಮಾತೆಲ್ಲ ಖಾಲಿ ತಿರುಪಿಗೆ ಹೋಗುತ್ತಿರುತ್ತದೆ. ಸ್ಪೀಕರ್ ಸೆಟಪ್‌ನಲ್ಲಿ ಸೆಂಟರ್ ‘ನನ್’ ಮಾಡಿ, ಮಾತು ಎಡ-ಬಲ ಸ್ಪೀಕರ್‌ಗೆ ಬರುತ್ತದೆ. ಸೆಂಟರ್ ಇದ್ದರೆ ಅದು ಎಲ್ಲಿ ಕೂತಿದೆ ನೋಡಿ. ಶೋಕೇಸಿನ ಕೆಳಗಿನ ಖಾನೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಒಂದಡಿ ಒಳಗೆ ತಳ್ಳಿರುತ್ತಾರೆ. ಖಾನೆಯ ಅಂಚಿಗೆ ಎಳೆಯಿರಿ, ಮುಂದೆ ರಬ್ಬರ್ ತುಂಡು ಇಟ್ಟು ಕೂತವರ ಕಿವಿಯ ಕಡೆ ಮುಖ ಎತ್ತಿಸಿ. ನಮ್ಮ ಮನೆಯಲ್ಲಿ ಅರ್ಧ ಸಮಸ್ಯೆ ಇಷ್ಟರಲ್ಲೇ ಹೋಯಿತು. ಆಮೇಲೆ ಸೆಂಟರ್ ಲೆವೆಲ್ 2 ಅಥವಾ 3 ಡೆಸಿಬೆಲ್ ಏರಿಸಿ. ರಾತ್ರಿ ಹೊತ್ತು ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಹಾಕಿದರೆ ದೊಡ್ಡ ಸದ್ದು ತಗ್ಗಿ, ಸಣ್ಣ ಸದ್ದು ಎದ್ದು ಬರುತ್ತದೆ. ಈಗ ಅತ್ತೆ ಮಧ್ಯಾಹ್ನದ ಸಿನಿಮಾಗೆ ತಾವೇ ರಿಸೀವರ್ ಹಾಕಿಸುತ್ತಾರೆ.

ಡಬ್ಬದಲ್ಲಿ ಒಂದು ಮೈಕ್ ಇತ್ತು. ಅದನ್ನು ಬಳಸಲೇಬೇಕಾ?

ಬಳಸಿ. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಾವೋ, ಹೆಸರು ಬೇರೆ, ಕೆಲಸ ಒಂದೇ. ಪ್ರತಿ ಸ್ಪೀಕರ್ ಎಷ್ಟು ದೂರ, ಎಷ್ಟು ಜೋರು ಅಂತ ಅಳೆದು ಸರಿ ಮಾಡುತ್ತದೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಹತ್ತಿರದ ಸ್ಪೀಕರ್ ಸದ್ದು ಮೊದಲು ಬಂದು ಕೆಡಿಸಬಾರದು ಅಂತ ಅದನ್ನು ಅಷ್ಟೇ ತಡ ಮಾಡಿಸುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾ ದಿಂಬಿನ ಮೇಲೂ ಬೇಡ, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕೆ ಇಡಿ. ಫ್ಯಾನ್ ಆರಿಸಿ! ‘ಗದ್ದಲ ಜಾಸ್ತಿ’ ಅಂತ ಎರರ್ ಬಂದರೆ ತಲೆಯ ಮೇಲೆ ತಿರುಗುತ್ತಿರುವ ಫ್ಯಾನೇ ಕಾರಣ, ಇಲ್ಲವೇ ಅಡುಗೆಮನೆಯ ಕುಕ್ಕರ್ ಸೀಟಿ. ಬೀದಿ ಮಲಗಿದ ಮೇಲೆ ಮಾಡಿದರೆ ಇನ್ನೂ ಒಳ್ಳೆಯದು, ಆದರೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಪರೀಕ್ಷೆಯ ಸದ್ದು ಜೋರಾಗೇ ಇರುತ್ತದೆ.

ಮುಗಿದ ಮೇಲೆ ಒಂದು ತಿದ್ದುಪಡಿ. ಪುಟ್ಟ ಸ್ಪೀಕರ್‌ಗಳನ್ನೂ ‘ಲಾರ್ಜ್’ ಅಂತ ಗುರುತಿಸಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಯಾವ ಮಟ್ಟದ ಕೆಳಗಿನ ದಪ್ಪ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಸಬ್‌ವೂಫರ್ ದೂರ ನಿಜಕ್ಕಿಂತ ಜಾಸ್ತಿ ತೋರಿಸಿದರೆ ಮುಟ್ಟಬೇಡಿ, ಅದರೊಳಗಿನ ಸರ್ಕ್ಯೂಟ್ ತೆಗೆದುಕೊಳ್ಳುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿರುತ್ತದೆ.

ಸ್ಪೀಕರ್‌ನಲ್ಲಿ ಸದಾ ಗುಂಯ್ ಅನ್ನುತ್ತದೆ.

ಹಿಂದಿನ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ, ಪ್ರತಿ ಸಲ ವಾಲ್ಯೂಮ್ ಇಳಿಸಿಕೊಂಡು. ಮೊದಲ ಅನುಮಾನ ಕೇಬಲ್ ಟಿವಿ ಅಥವಾ ಡಿಶ್‌ನಿಂದ ಬರುವ ದುಂಡನೆಯ ವೈರ್ ಮೇಲೆ. ಅದನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿದ ಕೂಡಲೇ ಗುಂಯ್ ನಿಂತರೆ ಎರಡು ಬೇರೆ ಬೇರೆ ಅರ್ಥ್ ನಡುವೆ ಕರೆಂಟ್ ಸುತ್ತುತ್ತಿದೆ ಅಂತ. ಆ ವೈರಿಗೆ ಐಸೋಲೇಟರ್ ಸಿಗುತ್ತದೆ, ಡಿಶ್ ಆದರೆ ಡಿಶ್‌ಗೆ ಹೊಂದುವುದನ್ನೇ ಕೇಳಿ. ಎರಡನೆಯ ಅನುಮಾನ ಮೂರು ಪಿನ್‌ನ ಕಂಪ್ಯೂಟರ್ ಅಥವಾ ಸಬ್‌ವೂಫರ್ ಬೇರೆ ಗೋಡೆಯ ಸಾಕೆಟ್‌ನಲ್ಲಿ ಇರುವುದು. ಎಲ್ಲವನ್ನೂ ಒಂದೇ ಸ್ಪೈಕ್ ಗಾರ್ಡ್‌ಗೆ ತನ್ನಿ.

ಮೂರನೇ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಅಂತ ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅದು ಮನೆಯವರ ಜೀವ ಕಾಯುವ ಪಿನ್.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುರ್ ಅನ್ನುತ್ತದೆ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಪ್ಯೂರ್ ಸೈನ್ ವೇವ್‌ನಲ್ಲಿ ಈ ತೊಂದರೆ ಇರುವುದಿಲ್ಲ.

ಹಿಂದೆ ಕೈ ಹಾಕಿದರೆ ಜುಮ್ ಅನ್ನುತ್ತದೆ. ಶಾಕಾ?

ಎರಡು ಪಿನ್‌ನ ಅಡಾಪ್ಟರ್‌ಗಳಿಂದ ಸಣ್ಣ ಪ್ರಮಾಣದ ಕರೆಂಟ್ ಲೋಹದ ಮೈಗೆ ಸೋರುತ್ತಿರುತ್ತದೆ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಕೈಗೆ ಗೊತ್ತಾಗುತ್ತದೆ. ಕಚಗುಳಿಯಷ್ಟೇ ಇದ್ದರೂ ಎಚ್‌ಡಿಎಂಐ ಸಿಕ್ಕಿಸುವ ಕ್ಷಣದಲ್ಲಿ ಅದು ಬೋರ್ಡನ್ನು ಕೊಲ್ಲಬಹುದು. ಗೋಡೆಯ ಸ್ವಿಚ್ ಆರಿಸಿಯೇ ಕೇಬಲ್ ಮುಟ್ಟಿ ಅಂದದ್ದು ಇದಕ್ಕೆ. ಜುಮ್ ಅಲ್ಲ, ಹೊಡೆತವೇ ಬಿತ್ತು ಅಂದರೆ ಎಲ್ಲ ಕಿತ್ತು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಅವತ್ತೇ.

4ಕೆ ಹಾಕಿದರೆ ಚಿತ್ರ ಮಿಣುಕುತ್ತದೆ, ಇಲ್ಲವೇ ಕಪ್ಪು ಪರದೆ.

ನೇರ ಟಿವಿಗೆ ಹಾಕಿದರೆ ಬರುತ್ತದಾ ನೋಡಿ. ಬಂದರೆ ರಿಸೀವರ್ ಮೆನುವಿನಲ್ಲಿ 4ಕೆ ಸಿಗ್ನಲ್ ‘ಸ್ಟ್ಯಾಂಡರ್ಡ್’ನಿಂದ ‘ಎನ್‌ಹ್ಯಾನ್ಸ್ಡ್’ ಮಾಡಿ. ಟಿವಿಯಲ್ಲೂ ಆ ಎಚ್‌ಡಿಎಂಐಗೆ ಇಂಥದೇ ಸೆಟ್ಟಿಂಗ್ ಇರುತ್ತದೆ. ಆಮೇಲೆ ಕೇಬಲ್ ಬದಲಾಯಿಸಿ. 4ಕೆ ಎಚ್‌ಡಿಆರ್‌ಗೆ 18 ಗಿಗಾಬಿಟ್‌ನ ‘ಪ್ರೀಮಿಯಂ ಹೈ ಸ್ಪೀಡ್’ ಸಾಕು, ಹೊಸ ಗೇಮ್ ಬಾಕ್ಸ್‌ಗೆ 48 ಗಿಗಾಬಿಟ್‌ನ ‘ಅಲ್ಟ್ರಾ ಹೈ ಸ್ಪೀಡ್’. ಪ್ರೊಜೆಕ್ಟರ್‌ಗೆ ಹತ್ತು ಮೀಟರ್ ಎಳೆಯುವವರು ಫೈಬರ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕು ಇದೆ, ಉಲ್ಟಾ ಹಾಕಿದರೆ ಏನೂ ಬರಲ್ಲ, ಗೋಡೆಯೊಳಗೆ ತೂರಿಸುವ ಮೊದಲೇ ನೆಲದ ಮೇಲೆ ಹಾಸಿ ಪರೀಕ್ಷಿಸಿ. ರಿಸೀವರ್ 4ಕೆ ಬರುವ ಮುಂಚಿನದಾದರೆ ಎಲ್ಲವನ್ನೂ ಟಿವಿಗೆ ಹಾಕಿ ಸದ್ದು ಮಾತ್ರ ಆರ್ಕ್‌ನಲ್ಲಿ ತನ್ನಿ.

ತುಟಿ ಒಂದು ಕಡೆ, ಮಾತು ಒಂದು ಕಡೆ.

ಟಿವಿ ಚಿತ್ರವನ್ನು ಚೆಂದ ಮಾಡಲು ಸಮಯ ತೆಗೆದುಕೊಳ್ಳುತ್ತದೆ, ಮಾತು ಮೊದಲೇ ಬಂದುಬಿಡುತ್ತದೆ. ರಿಸೀವರ್‌ನ ‘ಆಡಿಯೋ ಡಿಲೇ’ ಏರಿಸುತ್ತಾ ಹೋಗಿ, ವಾರ್ತೆ ಓದುವವರ ಮುಖ ನೋಡುತ್ತಾ ಮಾಡಿದರೆ ಸುಲಭ. ಮಾತು ತಡವಾಗಿ ಬರುತ್ತಿದ್ದರೆ ಡಿಲೇ ಸೊನ್ನೆ ಮಾಡಿ, ಟಿವಿಯ ಆಡಿಯೋ ಔಟ್ ಬದಲಾಯಿಸಿ ನೋಡಿ. ಬ್ಲೂಟೂತ್‌ನಲ್ಲಿ ವಿಡಿಯೋ ಸದ್ದು ತಡವಾಗುವುದು ಸಹಜ, ಬ್ಲೂಟೂತ್ ಹಾಡಿಗೆ ಇಟ್ಟುಕೊಳ್ಳಿ.

ಒಂದು ಸ್ಪೀಕರ್ ಮಾತ್ರ ಸತ್ತಿದೆ.

ಎಡಗಡೆಯದು ಸತ್ತಿದೆ ಅಂದುಕೊಳ್ಳಿ. ಆಫ್ ಮಾಡಿ, ರಿಸೀವರ್ ಹಿಂದೆ ಎಡ-ಬಲ ವೈರ್ ಅದಲು ಬದಲು ಮಾಡಿ. ಎಡಗಡೆಯದೇ ಸುಮ್ಮನಿದ್ದರೆ ವೈರ್ ಅಥವಾ ಸ್ಪೀಕರ್ ಹೋಗಿದೆ. ಈಗ ಬಲಗಡೆಯದು ಸತ್ತರೆ ರಿಸೀವರ್‌ನ ಎಡ ಚಾನೆಲ್ ದೋಷ. ವಾಲ್ಯೂಮ್ ಕಡಿಮೆ ಇದ್ದಾಗ ಮಾಯವಾಗಿ ಏರಿಸಿದಾಗ ವಾಪಸ್ ಬಂದರೆ ಒಳಗಿನ ರಿಲೇ ಮಾಸಿದೆ, ಅದು ಸಣ್ಣ ರಿಪೇರಿ. ಎಲ್ಲ ಸ್ಪೀಕರ್ ಒಟ್ಟಿಗೆ ಸತ್ತಿದ್ದರೆ ಮುಂದೆ ಹೆಡ್‌ಫೋನ್ ಪಿನ್ ಸಿಕ್ಕಿಕೊಂಡಿದೆಯಾ ನೋಡಿ.

ಅಮೆರಿಕದಿಂದ ತಂದ ರಿಸೀವರ್ ಇಲ್ಲಿ ನಡೆಯುತ್ತದಾ?

ಪ್ಲಗ್ ಹಾಕುವ ಮೊದಲು ಹಿಂದಿನ ಬರಹ ಓದಿ. ‘120 ವೋಲ್ಟ್, 60 ಹರ್ಟ್ಸ್’ ಅಂತಿದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಿದ ಕ್ಷಣ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಹೋಗುತ್ತದೆ. ಪಿನ್ ಹೊಂದಿಸುವ ಪುಟ್ಟ ಅಡಾಪ್ಟರ್ ವೋಲ್ಟ್ ಇಳಿಸುವುದಿಲ್ಲ, ಈ ತಪ್ಪು ತುಂಬಾ ಜನ ಮಾಡುತ್ತಾರೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಹಿಂದೆ ಬರೆದ ವ್ಯಾಟ್‌ಗಿಂತ ಧಾರಾಳವಾಗಿ ದೊಡ್ಡದು. ನಮ್ಮ 50 ಹರ್ಟ್ಸ್‌ನಲ್ಲಿ ಅದು ಸ್ವಲ್ಪ ಜಾಸ್ತಿ ಬಿಸಿಯಾಗಬಹುದು, ಗಾಳಿ ಆಡಲು ಬಿಡಿ. ದುಬೈನಿಂದ ತಂದಿದ್ದರೆ ಈ ಚಿಂತೆ ಇಲ್ಲ, ಅಲ್ಲೂ 50 ಹರ್ಟ್ಸ್, ವೋಲ್ಟ್ ಕೂಡ ನಮ್ಮಷ್ಟೇ. ಪ್ಲಗ್ ಮಾತ್ರ ಬೇರೆ.

ಎಲ್ಲಿ ಇಡಬೇಕು? ಸಿಡಿಲಿಗೆ ಏನು ಮಾಡಬೇಕು?

ಬಾಗಿಲು ಮುಚ್ಚಿದ ಶೋಕೇಸ್ ಬೇಡ. ಮೇಲೆ ಒಂದು ಗೇಣು ಜಾಗ ಬಿಡಿ. ಕಸೂತಿ ಬಟ್ಟೆ ಹೊದಿಸಬೇಡಿ, ಸೆಟ್‌ಟಾಪ್ ಬಾಕ್ಸ್ ಮೇಲಿಡಬೇಡಿ. ಬೆಚ್ಚಗಿರುವ ಕಡೆ ಹಲ್ಲಿ, ಜಿರಳೆ ಬರುತ್ತವೆ, ಒಳಗೆ ಸತ್ತ ಹಲ್ಲಿಯೇ ಶಾರ್ಟ್ ಮಾಡಿದ್ದನ್ನೂ ನೋಡಿದ್ದೇನೆ. ತಿಂಗಳಿಗೊಮ್ಮೆ ಮೆತ್ತನೆ ಬ್ರಷ್‌ನಿಂದ ಮೇಲಿನ ಸಂದುಗಳ ಧೂಳು ತೆಗೆಯಿರಿ.

ಏಪ್ರಿಲ್-ಮೇ ಸಂಜೆಯ ಗುಡುಗಿಗೆ ಬರೀ ಪ್ಲಗ್ ಕಿತ್ತರೆ ಸಾಲದು. ನಾನು ಒಂದು ಸಲ ಪ್ಲಗ್ ಕಿತ್ತು ಡಿಶ್ ವೈರ್ ಬಿಟ್ಟಿದ್ದೆ. ಸಿಡಿಲು ಆ ವೈರಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ರಿಸೀವರ್‌ಗೆ ಬಂತು. ಆಂಪ್ಲಿಫೈಯರ್ ಉಳಿಯಿತು, ಎಚ್‌ಡಿಎಂಐ ಬೋರ್ಡ್ ಹೋಯಿತು. ಡಿಶ್ ವೈರ್, ನೆಟ್ ಕೇಬಲ್ ಎರಡನ್ನೂ ಕೀಳಿ, ಆದರೆ ಮೋಡ ಕಟ್ಟುವಾಗಲೇ. ಗುಡುಗು ತಲೆ ಮೇಲೆ ಬಂದಮೇಲೆ ಆ ವೈರ್ ಮುಟ್ಟಲು ಹೋಗಬೇಡಿ.

ಅಜ್ಜನ ಕಾಲದ ರೆಕಾರ್ಡ್ ಪ್ಲೇಯರ್ ಸೇರಿಸಬಹುದಾ?

ಧಾರಾಳವಾಗಿ. ಹೊಸ ಕಾಲದ ಮ್ಯಾಗ್ನೆಟ್ ಸೂಜಿಯದ್ದು ‘ಫೋನೋ’ಗೆ, ಜೊತೆಗಿನ ಸಣ್ಣ ಅರ್ಥ್ ವೈರ್ ಪಕ್ಕದ ತಿರುಪಿಗೆ. ಬೇರೆ ತೂತಿಗೆ ಹಾಕಿದರೆ ಇರುವೆ ಹಾಡಿದ ಹಾಗೆ ಸಣ್ಣಗೆ ಕೇಳುತ್ತದೆ. ಹಳೆಯ ಸೂಟ್‌ಕೇಸ್ ತರಹದ ಪ್ಲೇಯರ್‌ಗಳಲ್ಲಿ ಸಿರಾಮಿಕ್ ಸೂಜಿ ಇದ್ದದ್ದು ಬಹಳ, ಅದು ಜೋರು, ‘ಸಿಡಿ’ ಅಥವಾ ‘ಆಕ್ಸ್’ಗೆ ಹಾಕಿ.

ರಿಮೋಟ್ ಕೆಲಸ ಮಾಡುತ್ತಿಲ್ಲ.

ಮೊಬೈಲ್‌ನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ನೇರಳೆ ಬೆಳಕು ಕಂಡರೆ ರಿಮೋಟ್ ಸರಿ ಇದೆ. ಆಗ ಬೇರೆ ಕೋಣೆಯ ಸ್ಪೀಕರ್‌ಗಳಿಗೆಂದು ಇರುವ ‘ಝೋನ್ 2’ ಒತ್ತಿಹೋಗಿದೆಯಾ ನೋಡಿ.

ಎಲ್ಲ ಮಾಡಿ ಆಯಿತು. ಈಗ?

ಮೆನುವಿನ ಪ್ರತಿ ಪುಟದ ಫೋಟೋ ತೆಗೆದುಕೊಂಡು ಫ್ಯಾಕ್ಟರಿ ರಿಸೆಟ್ ಮಾಡಿ, ಯಾವ ಬಟನ್ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದ್ದರೆ ಯುಪಿಎಸ್‌ಗೆ ಸಿಕ್ಕಿಸಿ ಮಾಡಿ, ನಡುವೆ ಕರೆಂಟ್ ಹೋದರೆ ರಿಸೀವರ್ ಏಳದೇ ಹೋಗಬಹುದು. ಆಮೇಲೂ ಸರಿಯಾಗದಿದ್ದರೆ ಸರ್ವಿಸ್. ಸುಮ್ನೆ ‘ಸೌಂಡ್ ಬರ್ತಿಲ್ಲ’ ಅನ್ನಬೇಡಿ. ‘ಸ್ಪೀಕರ್ ಇಲ್ಲದೆಯೂ ಪ್ರೊಟೆಕ್ಟ್‌ಗೆ ಹೋಗುತ್ತದೆ’ ಅಂತಲೋ ‘ಎಡ ಚಾನೆಲ್ ಮಾತ್ರ ಹೋಗಿದೆ, ವೈರ್ ಬದಲಾಯಿಸಿ ನೋಡಿದೆ’ ಅಂತಲೋ ಹೇಳಿದರೆ ಸುಮ್ಮನೆ ಬೋರ್ಡ್ ಬದಲಾಯಿಸುವ ಮಾತು ಬರುವುದಿಲ್ಲ. ಬೋರ್ಡ್ ಬದಲಾಯಿಸಿದರೆ ಹಳೆಯದನ್ನು ವಾಪಸ್ ಕೇಳಿ, ಬಿಲ್‌ನಲ್ಲಿ ಏನು ಹಾಕಿದರು ಅಂತ ಬರೆಸಿಕೊಳ್ಳಿ.